ವಿದ್ಯಾದಾನವೂ ದಾನಿಯ ಮಾತೂ

ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದೆಂದು ನಮ್ಮಲ್ಲಿ ಒಂದು ಗಾದೆಯುಂಟು. ಇದು ದಾನ ಪಡೆದವನಿಗೆ ಹೇಳಿದ ಬುದ್ಧಿಮಾತು. ಪುಕ್ಕಟೆಯಾಗಿ ಬಂದುದರಲ್ಲಿ ಕುಂದು ಹುಡುಕಬೇಡ ಎಂಬುದು ಅದರ ತಾತ್ಪರ್ಯ. ಆದರೆ ದಾನ ಕೊಟ್ಟವನ ಮಾತೇನು? ತಾನು ಕೊಟ್ಟ ಆಕಳಿಗೆ ಮೇವು ನೀರು ಸಿಗುತ್ತಿದೆಯೇ, ಅದರ ಹಾಲು ತಾನು ಹೇಳಿದ ಮಕ್ಕಳಿಗೇ ಸಲ್ಲುತ್ತಿದೆಯೇ ಎಂದು ಮುಂದೊಂದು ದಿನ ಬಂದು ಕೇಳುವ ಅಧಿಕಾರ ಅವನಿಗೆ ಉಂಟೋ ಇಲ್ಲವೋ? ಈ ವಿಷಯದಲ್ಲಿ ಗಾದೆ ಸುಮ್ಮನಿದೆ. ಕಾಲೇಜು, ವಿಶ್ವವಿದ್ಯಾಲಯಗಳಿಗೆ ದಾನ ಕೊಡುವವರೂ ಬಹುಮಟ್ಟಿಗೆ ಸುಮ್ಮನಿರುತ್ತಾರೆ. ಕೊಡುವ ಹೊತ್ತಿನಲ್ಲಿ ಕೇಳುವುದು ಸಣ್ಣತನವೆಂದು ಅವರಿಗೆ ತೋರುತ್ತದೆ.

ವಾಚಕರು ಒಂದು ಸಂಗತಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಚಿಂಚೋಳಿ ತಾಲ್ಲೂಕಿನ ಸುಲೇಪೇಟದಲ್ಲಿ ಒಬ್ಬ ತಾಯಿ ಇದ್ದಾಳೆನ್ನೋಣ. ಆಕೆಯ ಯಜಮಾನರು ತೊಗರಿಯ ವ್ಯಾಪಾರದಲ್ಲಿ ನಾಲ್ಕು ಕಾಸು ಕೂಡಿಸಿಟ್ಟು ತೀರಿಕೊಂಡರು. ಆಕೆಗೆ ಮಕ್ಕಳಿಲ್ಲ. ಕೈಯಲ್ಲಿ 10 ಲಕ್ಷ ರೂಪಾಯಿ ಇದೆ, ಊರ ಹೊರಗೆ ನಾಲ್ಕು ಎಕರೆ ಎರೆಹೊಲವಿದೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಹತ್ತನೆಯ ತರಗತಿ ಮುಗಿಸಿ, ಮುಂದೆ ಸೇಡಂಗೋ ಚಿಂಚೋಳಿಗೋ ಕಲಬುರಗಿಗೋ ಹೋಗಿ ಓದಲು ಇರುವುದಕ್ಕೆ ಜಾಗವಿಲ್ಲದೆ ಮನೆಯಲ್ಲಿ ಉಳಿದುಬಿಡುವುದನ್ನು ಆಕೆ ಕಂಡಿದ್ದಾಳೆ. ಈ ಹಣವೂ ಹೊಲವೂ ಅವರ ವಸತಿಗೆ ಸಲ್ಲಲಿ ಎಂಬುದು ಆಕೆಯ ಆಸೆ. ಒಂದು ಕಾಲೇಜಿನವರು ಬರುತ್ತಾರೆ, ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಹೋಗಿ ನೋಡಿದರೆ ಆಕೆಯ ಯಜಮಾನರ ಹೆಸರಿನ ಕಲ್ಲು ಗೋಡೆಯಲ್ಲಿ ಇದೆ. ಆ ಗೋಡೆಯ ಹಿಂದೆ ಇರುವುದು ವಸತಿಗೃಹವಲ್ಲ, ಕಚೇರಿಯ ಉಗ್ರಾಣ. ಹೊಲ ಮಾರಿಹೋಗಿದೆ. ಹಣ ಸಿಬ್ಬಂದಿಯ ಸಂಬಳಕ್ಕೆ ಖರ್ಚಾಗಿದೆ. ಕಳವು ಮಾಡಿದವರು ಯಾರೂ ಇಲ್ಲ. ಪ್ರತಿಯೊಂದು ಖರ್ಚಿಗೂ ಒಂದು ಠರಾವು ಇದೆ. ಆದರೂ ಆ ತಾಯಿಯ ದಾನ ಎಲ್ಲಿಯೋ ದಾರಿ ತಪ್ಪಿತು.

ಇದು ಕಲ್ಪನೆಯ ಮಾತಾದರೂ ಇಂಥ ಕಲ್ಲುಗಳನ್ನು ನೀವು ಒಂದಲ್ಲ ಒಂದು ಊರಿನಲ್ಲಿ ಕಂಡಿರಬಹುದು. ದಾನ ದಾರಿ ತಪ್ಪದಂತೆ ಮಾಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಇದಕ್ಕೆ ಉತ್ತರ ಹುಡುಕಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಸುಲೇಪೇಟದಿಂದ ಚಿತ್ತಾಪುರದವರೆಗೆ ಹೋದರೆ ಸಾಕು.

ಚಿತ್ತಾಪುರದ ಬಳಿಯಲ್ಲಿಯೇ ನಾಗಾವಿ ಎಂಬ ಸ್ಥಳವಿದೆ. ಯಲ್ಲಮ್ಮನ ಜಾತ್ರೆಗೆ ಹೋಗುವವರು ಅಲ್ಲಿಯ ಅರವತ್ತು ಕಂಬದ ಗುಡಿಯನ್ನು ಬಲ್ಲರು. ಇಂದು ಪಾಳುಬಿದ್ದ ಗುಡಿಗಳ ನಡುವೆ ದನ ಮೇಯುವ ಆ ಜಾಗದಲ್ಲಿ ಒಂದು ಕಾಲಕ್ಕೆ ಘಟಿಕಾಸ್ಥಾನ, ಎಂದರೆ ಉನ್ನತ ವಿದ್ಯಾಪೀಠ, ನಡೆಯುತ್ತಿತ್ತು. ಕಲ್ಯಾಣದ ಚಾಲುಕ್ಯ ದೊರೆ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ, 1058ರಲ್ಲಿ, ದಂಡನಾಯಕ ಮಧುಸೂದನನು ಅದಕ್ಕೆ ದತ್ತಿ ಬಿಟ್ಟು ಕಲ್ಲಿನಲ್ಲಿ ಬರೆಯಿಸಿದ. ಆ ಬರಹವನ್ನು ಓದಿದರೆ ನಾವು ಮೆಚ್ಚಬೇಕಾದುದು ಅವನ ಔದಾರ್ಯವನ್ನು ಮಾತ್ರವಲ್ಲ, ಅವನ ಲೆಕ್ಕವನ್ನೂ ಸಹ. ವೇದ ಕಲಿಯುವ ವಿದ್ಯಾರ್ಥಿಗಳು 200 ಮಂದಿ. ಶಾಸ್ತ್ರ ಕಲಿಯುವವರು 52 ಮಂದಿ. ವೇದಕ್ಕೆ ಮೂವರು ಉಪಾಧ್ಯಾಯರು. ಶಾಸ್ತ್ರಕ್ಕೆ ಮೂವರು, ಅವರಲ್ಲಿ ಒಬ್ಬ ಭಟ್ಟದರ್ಶನಕ್ಕೆ, ಒಬ್ಬ ನ್ಯಾಸವೆಂಬ ವ್ಯಾಕರಣಕ್ಕೆ, ಒಬ್ಬ ಪ್ರಾಭಾಕರ ಮೀಮಾಂಸೆಗೆ. ಇವರಲ್ಲದೆ ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗಳು ಆರು ಮಂದಿ. ಒಂಬತ್ತುನೂರು ವರ್ಷಗಳಿಗೂ ಹಿಂದೆ ನಮ್ಮ ಚಿತ್ತಾಪುರದ ಬಗಲಿಗೆ ಆರು ಜನ ಗ್ರಂಥಪಾಲಕರಿದ್ದರೆಂಬುದು ಸಾಮಾನ್ಯ ಸಂಗತಿಯಲ್ಲ.

ವಿದ್ಯಾಪೀಠಕ್ಕೆ ಇಷ್ಟು ಭೂಮಿ ಬಿಟ್ಟಿದ್ದೇನೆ, ಯುಕ್ತ ಕಂಡಂತೆ ನಡೆಸಿಕೊಳ್ಳಿ ಎಂದು ಆ ದಂಡನಾಯಕ ಕೈತೊಳೆದುಕೊಳ್ಳಲಿಲ್ಲ. ಉಪಾಧ್ಯಾಯನಿಗೆ ಬೇರೆ, ಭಂಡಾರಿಗೆ ಬೇರೆ ಎಂದು ಭೂಮಿಯನ್ನು ಹಂಚಿ ಕೊಟ್ಟ. ಗ್ರಂಥಭಂಡಾರದ ಪಾಲು ಅಡಿಗೆಮನೆಗೆ ಹೋಗದಂತೆ, ಅಡಿಗೆಮನೆಯ ಪಾಲು ಗೋಪುರಕ್ಕೆ ಹೋಗದಂತೆ ಇದು ಮೊದಲನೆಯ ಕಟ್ಟು.

ಇದಕ್ಕೂ ಸುಮಾರು ನೂರು ವರ್ಷ ಮುಂಚಿನ ಇನ್ನೊಂದು ದಾನವುಂಟು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. 945ರಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನು ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಿಂದ, ಅಂದಿನ ಮಾನ್ಯಖೇಟದಿಂದ, ಆಳುತ್ತಿದ್ದಾಗ ಅವನ ಮಂತ್ರಿ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದರು. ಅವರು ಇರುವುದಕ್ಕೆ 27 ಮನೆಗಳು ಬೇಕಾಗುತ್ತಿದ್ದವು. ಶಾಲೆಗೆ 500 ನಿವರ್ತನ ಭೂಮಿ, ದೀಪಕ್ಕೆ 12 ನಿವರ್ತನ, ಅಧ್ಯಾಪಕನಿಗೆ 50 ನಿವರ್ತನ ಎಂದು ಇಲ್ಲಿಯೂ ಬಾಬಿಗೆ ಬಾಬು ಬಿಡಿಸಿ ಬರೆದಿದೆ. ದೀಪದ ಎಣ್ಣೆಗೂ ಬೇರೆ ಭೂಮಿ ಎಂಬುದನ್ನು ಗಮನಿಸಿರಿ. ಇಷ್ಟೇ ಅಲ್ಲ. ಊರಿನಲ್ಲಿ ಮದುವೆಯಾದರೆ ವಿದ್ಯಾರ್ಥಿಗಳ ಸಂಘಕ್ಕೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರಲ್ಲಿಯೂ ಅರ್ಧ ಕೊಡತಕ್ಕದ್ದೆಂದು ಕಟ್ಟಳೆಯಾಯಿತು. ಹೀಗೆ ಊರಿನ ಪ್ರತಿಯೊಂದು ಮನೆಯೂ ಆ ಶಾಲೆಯ ದಾನಿಯಾಯಿತು. ತಾನು ಕೊಟ್ಟುದರ ಬಗೆಗೆ ಯಾರಿಗೆ ಕಾಳಜಿ ಇರದು? ನೂರು ಮನೆಗಳ ಕಣ್ಣು ಒಂದು ದತ್ತಿಯ ಮೇಲಿರುವುದು ಎರಡನೆಯ ಕಟ್ಟು.

ಮೂರನೆಯ ಕಟ್ಟು ಶಾಪ. ದಾನದ ಶಾಸನಗಳ ಕೊನೆಯಲ್ಲಿ, ತಾನು ಕೊಟ್ಟುದನ್ನಾಗಲಿ ಪರರು ಕೊಟ್ಟುದನ್ನಾಗಲಿ ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಅರ್ಥದ ಮಾತನ್ನು ನೀವು ಕೇಳಿರಬಹುದು. ಅದರ ಜೊತೆಗೆ ಇನ್ನೊಂದು ಮಾತೂ ಬರುತ್ತದೆ. ದಾನ ಮಾಡುವುದು, ಮಾಡಿದ ದಾನವನ್ನು ಪಾಲಿಸುವುದು ಇವೆರಡರಲ್ಲಿ ಪಾಲಿಸುವುದೇ ಹೆಚ್ಚಿನದು ಎಂಬುದು ಅದರ ಅರ್ಥ. ನಮ್ಮ ಹಿರಿಯರು ಇದನ್ನು ಬರಿಯ ಅಲಂಕಾರಕ್ಕೆ ಬರೆಯಿಸಲಿಲ್ಲ. ಕೊಡುವವನು ಒಂದು ದಿನ ಕೊಡುತ್ತಾನೆ, ಕಾಯುವವನು ದಿನವೂ ಕಾಯಬೇಕು ಎಂಬುದನ್ನು ಅವರು ಅನುಭವದಿಂದ ಅರಿತಿದ್ದರು.

ಆದರೂ ನಾಗಾವಿಯ ಘಟಿಕಾಸ್ಥಾನ ಉಳಿಯಲಿಲ್ಲ, ಸಾಲೋಟಗಿಯ ಶಾಲೆಯೂ ಉಳಿಯಲಿಲ್ಲ. ರಾಜ್ಯಗಳು ಬದಲಾದವು, ಭೂಮಿ ಕೈ ಬದಲಿಸಿತು, ಶಾಪಕ್ಕೆ ಹೆದರುವವರು ಇಲ್ಲವಾದರು. ಕಲ್ಲು ಉಳಿದು ಅದನ್ನು ಓದಿಸಿ ನಡೆಸುವ ಅಧಿಕಾರ ಉಳಿಯದಿದ್ದರೆ ಹೀಗಾಗುತ್ತದೆ. ನಮ್ಮ ಭಾಷೆಯಲ್ಲಿ ಕಲ್ಲಿನ ಬರಹಕ್ಕೂ ಸರ್ಕಾರದ ಕಾನೂನಿಗೂ ಶಾಸನವೆಂಬ ಒಂದೇ ಹೆಸರಿದೆ. ಮೊದಲನೆಯ ಶಾಸನದ ಕೆಲಸವನ್ನು ಈಗ ಎರಡನೆಯದು ಮಾಡಬೇಕಾಗಿದೆ. ಅದು ಹೇಗೆ ಮಾಡುತ್ತದೆಂಬುದನ್ನು ಸುಲೇಪೇಟದ ಆ ತಾಯಿಯ ಹೊಲವನ್ನೇ ಇಟ್ಟುಕೊಂಡು ನೋಡೋಣ.

ಆಕೆಯ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಹೊಲವನ್ನು ಕಾಲೇಜಿಗೆ ನೇರವಾಗಿ ದಾನಪತ್ರ ಮಾಡಿಕೊಡುವುದು ಮೊದಲನೆಯದು. 1882ರ ಸ್ವತ್ತು ವರ್ಗಾವಣೆಯ ಕಾಯಿದೆಯಂತೆ ಸ್ಥಿರಾಸ್ತಿಯ ದಾನ ಬಾಯಿಮಾತಿನಿಂದ ಆಗುವುದಿಲ್ಲ. ದಾನಿಯ ಸಹಿ, ಇಬ್ಬರು ಸಾಕ್ಷಿದಾರರು, ಸಬ್-ರಿಜಿಸ್ಟ್ರಾರರ ಕಚೇರಿಯಲ್ಲಿ ನೋಂದಣಿ ಇವೆಲ್ಲ ಆಗಬೇಕು. ದಾನಿ ಬದುಕಿರುವಾಗಲೇ ಪಡೆಯುವವರು ಅದನ್ನು ಸ್ವೀಕರಿಸಬೇಕು. ಮುಸಲ್ಮಾನರ ಹಿಬಾ ಮತ್ತು ವಕ್ಫುಗಳಿಗೆ ಅವರದೇ ಆದ ಕಟ್ಟಳೆಗಳುಂಟು. ಇಷ್ಟು ಸಾಮಾನ್ಯವಾಗಿ ಎಲ್ಲರಿಗೂ ತಿಳಿದಿದೆ. ತಿಳಿಯದೆ ಮೋಸಹೋಗುವುದು ಇದರ ಮುಂದಿನ ಮಾತಿನಲ್ಲಿ.

ದಾನಪತ್ರ ಬರೆಯುವಾಗ ವಾಡಿಕೆಯಂತೆ ‘ಸದರಿ ಹೊಲವನ್ನು ಸಂಪೂರ್ಣ ಹಕ್ಕಿನಿಂದ ನಿಮಗೆ ಕೊಟ್ಟಿರುತ್ತೇನೆ’ ಎಂದು ಬರೆದು, ಅದರ ಕೆಳಗೆ ‘ಇದನ್ನು ಹೆಣ್ಣುಮಕ್ಕಳ ವಸತಿಗೇ ಉಪಯೋಗಿಸತಕ್ಕದ್ದು, ಎಂದೂ ಮಾರತಕ್ಕದ್ದಲ್ಲ’ ಎಂದು ಸೇರಿಸಿದರೆ ಎಲ್ಲವೂ ಭದ್ರವಾಯಿತೆಂದು ನಾವು ತಿಳಿಯುತ್ತೇವೆ. ಆದರೆ ಅದೇ ಕಾಯಿದೆಯ 10 ಮತ್ತು 11ನೆಯ ಕಲಮುಗಳು ಬೇರೆ ಮಾತು ಹೇಳುತ್ತವೆ. ಸಂಪೂರ್ಣ ಹಕ್ಕು ಕೊಟ್ಟ ಮೇಲೆ, ಎಂದೂ ಪರಭಾರೆ ಮಾಡಕೂಡದೆಂಬ ಷರತ್ತು ಅನೂರ್ಜಿತ. ಹೀಗೆಯೇ ಅನುಭವಿಸಬೇಕೆಂಬ ಆಜ್ಞೆಯೂ ಪಡೆದವರನ್ನು ಕಟ್ಟಿಹಾಕುವುದಿಲ್ಲ. ಒಂದು ಕೈಯಿಂದ ಪೂರ್ತಿ ಕೊಟ್ಟು ಇನ್ನೊಂದು ಕೈಯಿಂದ ಹಿಡಿದುಕೊಳ್ಳಲು ಬರುವುದಿಲ್ಲ ಎಂಬುದು ಕಾಯಿದೆಯ ನ್ಯಾಯ. ಆ ತಾಯಿಯ ಹೊಲ ಮಾರಿಹೋದುದು ಬಹುಶಃ ಈ ಎರಡು ಸಾಲುಗಳ ನಡುವಿನ ಸಂದಿಯಿಂದ.

ಈ ಸಂದಿಯನ್ನು ಮುಚ್ಚುವ ಒಂದು ಉಪಾಯ 126ನೆಯ ಕಲಮಿನಲ್ಲಿದೆ. ದಾನಿಯ ಇಚ್ಛೆಯನ್ನು ಅವಲಂಬಿಸಿರದ ಯಾವುದಾದರೊಂದು ಗೊತ್ತಾದ ಸಂಗತಿ ಘಟಿಸಿದರೆ ದಾನ ರದ್ದಾಗತಕ್ಕದ್ದೆಂದು ಕೊಡುವವರೂ ಪಡೆಯುವವರೂ ಮೊದಲೇ ಒಪ್ಪಿಕೊಳ್ಳಬಹುದು. ‘ನನಗೆ ಮನಸ್ಸು ಬಂದಾಗ ಹಿಂತೆಗೆದುಕೊಳ್ಳುವೆನು’ ಎಂದು ಬರೆದರೆ ಅದು ನಿಲ್ಲುವುದಿಲ್ಲ. ಸಂಗತಿ ಯಾವುದು, ಅದು ಘಟಿಸಿತೆಂದು ತಿಳಿಯುವುದು ಹೇಗೆ, ಆಗ ಆಸ್ತಿ ಯಾರ ಪಾಲಿಗೆ ಹೋಗಬೇಕು ಎಂಬುದನ್ನು ದಾನ ಕೊಡುವ ಹೊತ್ತಿನಲ್ಲಿಯೇ ಒಪ್ಪಿ ಬರೆಯಬೇಕು. ಆಮೇಲೆ ಬರೆದ ಪತ್ರ, ಸಭೆಯಲ್ಲಿ ಕೊಟ್ಟ ಮಾತು ಇವು ಲೆಕ್ಕಕ್ಕೆ ಬಾರವು.

ಎರಡನೆಯ ದಾರಿ ಇದಕ್ಕಿಂತ ಗಟ್ಟಿಯಾದುದು. ಅದು ಸಾರ್ವಜನಿಕ ಧರ್ಮಾರ್ಥ ಟ್ರಸ್ಟು. ಇಲ್ಲಿ ಆಸ್ತಿಯನ್ನು ಕಾಲೇಜಿಗೆ ಸ್ವಂತಕ್ಕೆ ಕೊಡುವುದಿಲ್ಲ, ಒಂದು ಉದ್ದೇಶಕ್ಕಾಗಿ ವಿಶ್ವಸ್ತರ ವಶಕ್ಕೆ ಕೊಡುವುದು. ಆಸ್ತಿ ವಿಶ್ವಸ್ತರ ಕೈಯಲ್ಲಿದ್ದರೂ ಅವರದಲ್ಲ, ಹೆಣ್ಣುಮಕ್ಕಳ ವಸತಿಯೆಂಬ ಉದ್ದೇಶಕ್ಕೆ ಸೇರಿದ್ದು. ಇದರ ಬಲ ಕಾಣುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನಲ್ಲಿ. ಇಂಥ ಟ್ರಸ್ಟು ದಾರಿ ತಪ್ಪಿದರೆ ದಾನಿಯೇ ಬಂದು ಕೇಳಬೇಕೆಂದಿಲ್ಲ. ಅದರಲ್ಲಿ ಹಿತಾಸಕ್ತಿಯುಳ್ಳ ಇಬ್ಬರು, ನ್ಯಾಯಾಲಯದ ಅಪ್ಪಣೆ ಪಡೆದು, ದಾವೆ ಹೂಡಬಹುದು. ಅಡ್ವೊಕೇಟ್ ಜನರಲರೂ ಹೂಡಬಹುದು. ಲೆಕ್ಕ ಕೊಡಿಸುವುದು, ತಪ್ಪಿದ ವಿಶ್ವಸ್ತನನ್ನು ತೆಗೆಯುವುದು, ಹೊಸಬನನ್ನು ನೇಮಿಸುವುದು, ಆಡಳಿತಕ್ಕೆ ಹೊಸ ಯೋಜನೆಯನ್ನು ಗೊತ್ತುಮಾಡುವುದು ಇವೆಲ್ಲ ನ್ಯಾಯಾಲಯದ ಕೈಯಲ್ಲಿವೆ. ದಾನಿ ಕಣ್ಮುಚ್ಚಿ ಐವತ್ತು ವರ್ಷಗಳಾಗಿದ್ದರೂ ಆಕೆಯ ಮಾತಿನ ಪರವಾಗಿ ಕೇಳುವವರಿಗೆ ಇದರಿಂದ ಒಂದು ಬಾಗಿಲು ತೆರೆದಿರುತ್ತದೆ.

ಮೂರನೆಯ ದಾರಿ 1890ರ ಧರ್ಮಾರ್ಥ ದತ್ತಿಗಳ ಕಾಯಿದೆಯದು. ಇದರಲ್ಲಿ ದತ್ತಿಯ ಆಸ್ತಿಯನ್ನು ಸರ್ಕಾರ ನೇಮಿಸಿದ ದತ್ತಿಗಳ ಖಜಾಂಚಿಯಲ್ಲಿ ನೆಲೆಗೊಳಿಸಲಾಗುತ್ತದೆ. ಆಡಳಿತ ಹೇಗೆ ನಡೆಯಬೇಕೆಂಬ ಯೋಜನೆಯನ್ನು ಬರೆದು ಪ್ರಕಟಿಸಲಾಗುತ್ತದೆ. ಖಜಾಂಚಿ ಆಸ್ತಿಯನ್ನು ಇಟ್ಟುಕೊಳ್ಳುತ್ತಾನೆ, ಸಂಸ್ಥೆಯನ್ನು ನಡೆಸುವವರು ಬೇರೆ. ಕೀಲಿಕೈ ಒಬ್ಬನಲ್ಲಿ, ಗಲ್ಲಾಪೆಟ್ಟಿಗೆ ಇನ್ನೊಬ್ಬನಲ್ಲಿ ಎಂದ ಹಾಗೆ.

ಈ ಮೂರನೆಯ ದಾರಿಯಿಂದ ನಮ್ಮ ನಾಡಿನಲ್ಲಿಯೇ ಒಂದು ಮಹಾಸಂಸ್ಥೆ ಹುಟ್ಟಿತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಅದು. ಜಮಶೇಟ್‌ಜಿ ಟಾಟಾ ಅವರು 1898ರಲ್ಲಿ ಮುಂಬಯಿಯಲ್ಲಿದ್ದ ತಮ್ಮ ಕಟ್ಟಡಗಳನ್ನು, ಅಂದಿನ ಬೆಲೆಗೆ ಸುಮಾರು 30 ಲಕ್ಷ ರೂಪಾಯಿಯ ಆಸ್ತಿಯನ್ನು, ಒಂದು ಸಂಶೋಧನಾ ಸಂಸ್ಥೆಗಾಗಿ ಬಿಡಲು ಮುಂದಾದರು. ಪದವಿ ಪಡೆದವರು ಮುಂದೆ ಸ್ವತಂತ್ರವಾಗಿ ಸಂಶೋಧನೆ ನಡೆಸುವ ಸ್ಥಳ ಭಾರತದಲ್ಲಿ ಆಗಬೇಕೆಂಬುದು ಅವರ ಉದ್ದೇಶ. ಅದಕ್ಕೆ ತಮ್ಮ ಹೆಸರು ಇಡಬೇಕೆಂದು ಅವರು ಕೇಳಲಿಲ್ಲ. ಕೇಳಿದ್ದು ಉದ್ದೇಶದ ನೆರವೇರಿಕೆಯನ್ನು. ವೈಸರಾಯ್ ಕರ್ಜನ್ನನಿಗೆ ಸಂಶಯಗಳಿದ್ದವು. ಪರಿಶೀಲನೆಗೆಂದು ವಿಲಿಯಂ ರ್‍ಯಾಮ್ಸೆ ಬಂದರು, ಆಮೇಲೆ ಒಂದು ಸಮಿತಿಯೂ ಬಂತು. ವರ್ಷಗಳು ಉರುಳಿದವು. 1904ರಲ್ಲಿ ಟಾಟಾ ಅವರು ತೀರಿಕೊಂಡರು.

ದಾನಿ ತೀರಿಕೊಂಡಾಗ ಸಂಸ್ಥೆ ಇನ್ನೂ ಕಾಗದದ ಮೇಲಿತ್ತು. ಇಂಥ ಗಳಿಗೆಯಲ್ಲಿಯೇ ಎಷ್ಟೋ ದಾನಗಳು ಕರಗಿಹೋಗುವುದು. ಅವರ ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿ ತಂದೆಯ ಮಾತಿಗೆ ತಪ್ಪಲಿಲ್ಲ. ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ 371 ಎಕರೆ ಭೂಮಿಯನ್ನೂ ಧನಸಹಾಯವನ್ನೂ ಕೊಟ್ಟಿತು. 1909ರ ಮೇ 27ರಂದು ಭಾರತ ಸರ್ಕಾರ 1890ರ ಆ ಕಾಯಿದೆಯ ಮೇರೆಗೆ ಆಸ್ತಿಯನ್ನು ನೆಲೆಗೊಳಿಸುವ ಆಜ್ಞೆ ಹೊರಡಿಸಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟರು, ಅದೇ ವರ್ಷ ವಿದ್ಯಾರ್ಥಿಗಳು ಬಂದರು. ದಾನಿಯ ಕುಟುಂಬ, ಮೈಸೂರು, ಭಾರತ ಸರ್ಕಾರ ಹೀಗೆ ಮೂವರು ಒಂದೇ ದತ್ತಿಯನ್ನು ಹಿಡಿದುಕೊಂಡಿದ್ದರಿಂದ ಯಾರೊಬ್ಬರೂ ಅದನ್ನು ಬೇರೆಡೆಗೆ ಎಳೆಯುವಂತಿರಲಿಲ್ಲ. ಹೆಸರು ಬೇಡವೆಂದ ಆ ದಾನಿಯ ಸಂಸ್ಥೆಯನ್ನು ಬೆಂಗಳೂರಿನ ಜನ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ.

ನಮ್ಮ ಕಡೆಯ ವಿದ್ಯಾಸಂಸ್ಥೆಗಳಿಗೂ ದಾನದ ಹಿನ್ನೆಲೆಯಿದೆ. ಕಿತ್ತೂರು ಕರ್ನಾಟಕದಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ವೀರಶೈವ ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ 1933ರಲ್ಲಿ ಸ್ಥಾಪಿಸಿದ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಕಲಬುರಗಿಯಲ್ಲಿ 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಆರಂಭವಾಯಿತು. ಬಡತನದ ನಾಡಿನಲ್ಲಿ ಕಾಲೇಜುಗಳು ಎದ್ದುದು ಹೀಗೆ ಜನ ಕೈಯೆತ್ತಿ ಕೊಟ್ಟುದರಿಂದ.

ದೊಡ್ಡ ವಿಶ್ವವಿದ್ಯಾಲಯ, ದೊಡ್ಡ ದಾನಿ, ದೊಡ್ಡ ವಕೀಲರು ಇದ್ದ ಮಾತ್ರಕ್ಕೆ ಎಲ್ಲವೂ ಸುಸೂತ್ರವಾದೀತೆಂದು ತಿಳಿಯಬೇಡಿರಿ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ 1961ರಲ್ಲಿ ರಾಬರ್ಟ್‌ಸನ್ ದಂಪತಿಗಳು 350 ಲಕ್ಷ ಡಾಲರು ಬೆಲೆಯ ಷೇರುಗಳನ್ನು ಕೊಟ್ಟರು. ದೇಶದ ಸರ್ಕಾರಿ ಸೇವೆಗೆ, ಅದರಲ್ಲಿಯೂ ವಿದೇಶಾಂಗದ ಕೆಲಸಕ್ಕೆ, ತರುಣರನ್ನು ತಯಾರು ಮಾಡಬೇಕೆಂಬುದು ಉದ್ದೇಶ. ನಲವತ್ತು ವರ್ಷಗಳ ಮೇಲೆ ಅವರ ಮಕ್ಕಳು ಲೆಕ್ಕ ನೋಡಿದರು. ಓದಿ ಹೊರಬಂದವರಲ್ಲಿ ಆ ಸೇವೆಗೆ ಸೇರಿದವರು ತೀರ ಕಡಿಮೆ, ಹಣ ಬೇರೆ ಬೇರೆ ಕೆಲಸಗಳಿಗೆ ಹರಿದಿದೆ ಎಂದು 2002ರಲ್ಲಿ ದಾವೆ ಹೂಡಿದರು. ಯಾರು ಯಾವ ಕೆಲಸಕ್ಕೆ ಸೇರಬೇಕೆಂದು ತಾವು ಒತ್ತಾಯಿಸಲಾಗದು, ಉದ್ದೇಶವನ್ನು ತಾವು ಮೀರಿಲ್ಲ ಎಂದು ವಿಶ್ವವಿದ್ಯಾಲಯ ವಾದಿಸಿತು. ಆರು ವರ್ಷ ವ್ಯಾಜ್ಯ ನಡೆಯಿತು. 2008ರಲ್ಲಿ ರಾಜಿಯಾದಾಗ, ನಿಧಿ ವಿಶ್ವವಿದ್ಯಾಲಯದಲ್ಲಿಯೇ ಉಳಿಯಿತು. ಆದರೆ ಕುಟುಂಬದ ವ್ಯಾಜ್ಯದ ಖರ್ಚಿಗೆ 400 ಲಕ್ಷ ಡಾಲರು, ಅದೇ ಉದ್ದೇಶದ ಹೊಸ ಪ್ರತಿಷ್ಠಾನಕ್ಕೆ 500 ಲಕ್ಷ ಡಾಲರು ಕೊಡುವುದೆಂದು ಒಪ್ಪಂದವಾಯಿತು. ಖರ್ಚಿನ ಮೊತ್ತ ಮೂಲದಾನದ ಅಂಕೆಯನ್ನೇ ಮೀರಿತು. ಉದ್ದೇಶ ನೆರವೇರಿತೆಂದು ಅಳೆಯುವ ಕೋಲು ಯಾವುದೆಂಬುದನ್ನು ಮೊದಲೇ ಗೊತ್ತುಮಾಡದಿದ್ದರೆ ಇಬ್ಬರೂ ಪ್ರಾಮಾಣಿಕರಾಗಿದ್ದರೂ ಜಗಳ ತಪ್ಪದು.

ಇಲ್ಲಿ ಕಾಲೇಜಿನವರ ಪಕ್ಷದ ಮಾತನ್ನೂ ಕೇಳುವುದು ನ್ಯಾಯ. ಸತ್ತವರ ಕೈ ಬದುಕಿರುವವರ ಕತ್ತನ್ನು ಹಿಡಿಯಬಾರದು. ನಾಗಾವಿಯ ದತ್ತಿ ಇಂದು ಉಳಿದಿದ್ದರೆ, ಮೂವರು ಶಾಸ್ತ್ರೋಪಾಧ್ಯಾಯರಲ್ಲಿ ಒಬ್ಬ ಪ್ರಾಭಾಕರ ಮೀಮಾಂಸೆಯನ್ನೇ ಕಲಿಸತಕ್ಕದ್ದೆಂಬ ಕಟ್ಟಳೆಗೆ ವಿದ್ಯಾರ್ಥಿಗಳು ಎಲ್ಲಿಂದ ಬರಬೇಕು? ಸೀಮೆಎಣ್ಣೆಯ ದೀಪಕ್ಕೆಂದು ಇಟ್ಟ ಹಣ ವಿದ್ಯುತ್ ಬಂದ ಮೇಲೆ ಯಾವುದಕ್ಕೆ? ನಮ್ಮ ಕಾನೂನು ಇದಕ್ಕೂ ದಾರಿ ಮಾಡಿದೆ. 92ನೆಯ ಕಲಮಿಗೆ 1976ರಲ್ಲಿ ಸೇರಿದ ಭಾಗದಂತೆ, ಮೂಲ ಉದ್ದೇಶ ಪೂರೈಸಿದ್ದರೆ, ಅಥವಾ ಹೇಳಿದ ರೀತಿಯಲ್ಲಿ ನಡೆಸುವುದು ಅಶಕ್ಯವಾಗಿದ್ದರೆ, ನ್ಯಾಯಾಲಯ ದಾನಿಯ ಆಶಯವನ್ನು ನೋಡಿಕೊಂಡು ಉದ್ದೇಶವನ್ನು ಬದಲಿಸಬಹುದು. ಬದಲಾವಣೆ ಬೇಕು ನಿಜ. ಅದನ್ನು ಆಡಳಿತ ಮಂಡಳಿ ಒಂದು ಸಂಜೆಯ ಠರಾವಿನಿಂದ ಮಾಡಬಾರದು, ಕೇಳಿ, ಕಾರಣ ಹೇಳಿ, ಬಹಿರಂಗವಾಗಿ ಮಾಡಬೇಕು.

ದಾನವನ್ನು ತಿನ್ನುವ ಇನ್ನೊಂದು ಹುಳುವಿದೆ. ಅದಕ್ಕೆ ಯಾರ ಮೇಲೂ ದಾವೆ ಹೂಡಲು ಬರುವುದಿಲ್ಲ. ಅದು ಬೆಲೆಯೇರಿಕೆ. 1955ರಲ್ಲಿ ಒಬ್ಬರು 1,000 ರೂಪಾಯಿಯ ಇಡುಗಂಟನ್ನು ಕಾಲೇಜಿನಲ್ಲಿಟ್ಟು, ಬಡ್ಡಿಯಿಂದ ಬಡ ವಿದ್ಯಾರ್ಥಿಗೆ ಪುಸ್ತಕ ಕೊಡಿಸಿರಿ ಎಂದಿದ್ದರೆ, ನೂರಕ್ಕೆ 4ರಂತೆ ವರ್ಷಕ್ಕೆ 40 ರೂಪಾಯಿ ಬರುತ್ತಿತ್ತು. ಅಂದಿಗೆ ಅದು ಒಂದು ಕಟ್ಟು ಪುಸ್ತಕ. ಇಂದಿಗೆ ಅದು ಒಂದು ನೋಟುಬುಕ್ಕು. ಗಂಟು ಕರಗಲಿಲ್ಲ, ದಾನ ಕರಗಿತು. ಆದಕಾರಣ ಬಡ್ಡಿಯನ್ನೆಲ್ಲ ಖರ್ಚು ಮಾಡದೆ ಅದರಲ್ಲಿ ಒಂದು ಪಾಲನ್ನು ಪ್ರತಿವರ್ಷ ಗಂಟಿಗೆ ಸೇರಿಸಬೇಕೆಂದು ದಾನಪತ್ರದಲ್ಲಿಯೇ ಬರೆಯಬೇಕು. ಆ ತಾಯಿಯ 10 ಲಕ್ಷಕ್ಕೆ ವರ್ಷಕ್ಕೆ 70,000 ರೂಪಾಯಿ ಬಡ್ಡಿ ಬಂದರೆ, 45,000 ಖರ್ಚು ಮಾಡಿ 25,000ವನ್ನು ಗಂಟಿಗೆ ಸೇರಿಸುವುದು ಒಂದು ಮಾರ್ಗ. ಮೊದಲ ವರ್ಷ ಎರಡು ಹುಡುಗಿಯರು ಕಡಿಮೆಯಾದಾರು. ಇಪ್ಪತ್ತನೆಯ ವರ್ಷದಲ್ಲಿಯೂ ಹುಡುಗಿಯರು ಇರುತ್ತಾರೆ.

ಇಷ್ಟನ್ನು ತಿಳಿದ ಮೇಲೆ, ದಾನ ಕೊಡಹೊರಟವರು ಬರೆಯಬೇಕಾದ ಮಾತುಗಳೇನು? ಮೊದಲನೆಯದಾಗಿ ಉದ್ದೇಶ. ‘ವಿದ್ಯಾಭಿವೃದ್ಧಿಗೆ’ ಎಂಬ ಮಾತು ಸಮುದ್ರದಷ್ಟು ಅಗಲ, ಅದರಲ್ಲಿ ಏನನ್ನಾದರೂ ಮುಳುಗಿಸಬಹುದು. ‘ಚಿಂಚೋಳಿ ಮತ್ತು ಸೇಡಂ ತಾಲ್ಲೂಕಿನ ಹಳ್ಳಿಗಳಿಂದ ಬಂದು ಕಾಲೇಜಿನಲ್ಲಿ ಓದುವ ಹೆಣ್ಣುಮಕ್ಕಳ ವಸತಿಗೆ’ ಎಂದರೆ ಅಳೆಯಲು ಬರುತ್ತದೆ. ಎರಡನೆಯದಾಗಿ ಬದಲಿ ಉದ್ದೇಶ. ವಸತಿಗೃಹದ ಅವಶ್ಯಕತೆಯೇ ಇಲ್ಲದ ಕಾಲ ಬಂದರೆ ಅದೇ ಹೆಣ್ಣುಮಕ್ಕಳ ಶುಲ್ಕಕ್ಕೋ ಪ್ರಯಾಣಕ್ಕೋ ಸಲ್ಲಲಿ ಎಂದು ನೀವೇ ಹೇಳಿಡಿರಿ. ಉದ್ದೇಶವನ್ನು ಬಿಗಿಯಾಗಿ ಕಟ್ಟಿ, ಸಾಧನವನ್ನು ಸಡಿಲವಾಗಿ ಬಿಡುವುದು ಜಾಣತನ. ಮೂರನೆಯದಾಗಿ ಲೆಕ್ಕ. ದತ್ತಿಯ ಹಣಕ್ಕೆ ಬೇರೆ ಬ್ಯಾಂಕು ಖಾತೆ, ಬೇರೆ ವಹಿ, ವರ್ಷಕ್ಕೊಮ್ಮೆ ತಪಾಸಣೆಯಾದ ಜಮಾಖರ್ಚು. ಮೂಲಧನಕ್ಕೆಂದು ಕೊಡುವ ಹಣವಾದರೆ ಹಾಗೆಂದು ಸ್ಪಷ್ಟವಾಗಿ ಬರೆದುಕೊಡುವುದು ಆದಾಯ ತೆರಿಗೆಯ ದೃಷ್ಟಿಯಿಂದಲೂ ಅವಶ್ಯ.

ನಾಲ್ಕನೆಯದಾಗಿ ಕಾಯುವವರು. ಸಂಸ್ಥೆಯ ಆಡಳಿತ ಮಂಡಳಿಯವರೇ ವಿಶ್ವಸ್ತರೂ ಆದರೆ ಕೇಳುವವರು ಯಾರು? ಹೊರಗಿನವರೊಬ್ಬರಾದರೂ ಇರಲಿ. ಊರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಎಂದು ಹುದ್ದೆಯಿಂದ ಹೆಸರಿಸಿದರೆ ವ್ಯಕ್ತಿ ಹೋದರೂ ಸ್ಥಾನ ಉಳಿಯುತ್ತದೆ. ಅಲ್ಲಿ ಇದ್ದು ಓದಿ ಹೋದ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದರಂತೂ ಇನ್ನೂ ಒಳ್ಳೆಯದು, ಸಾಲೋಟಗಿಯ ನೂರು ಮನೆಗಳ ಕಣ್ಣು ಅವಳಲ್ಲಿರುತ್ತದೆ. ಐದನೆಯದಾಗಿ, ಕೊಡುವ ಆಸ್ತಿ ನಿಜವಾಗಿ ನಮ್ಮದೇ ಎಂಬುದನ್ನು ನೋಡಿಕೊಳ್ಳಬೇಕು. ಪಹಣಿಯಲ್ಲಿ ಯಾರ ಹೆಸರಿದೆ, ಅಣ್ಣತಮ್ಮಂದಿರ ಪಾಲು ಇದೆಯೇ, ಸರ್ಕಾರದಿಂದ ಮಂಜೂರಾದ ಜಮೀನೇ ಎಂಬುದನ್ನೆಲ್ಲ ಮೊದಲು ವಿಚಾರಿಸಿರಿ. ಪರಿಶಿಷ್ಟ ಜಾತಿ ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಕಾಯಿದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಇದಕ್ಕೆಲ್ಲ ಕಾಲೇಜಿನ ವಕೀಲರನ್ನೇ ನಂಬದೆ ನಿಮ್ಮ ವಕೀಲರೊಬ್ಬರನ್ನು ಕೇಳುವುದು ಯುಕ್ತ. ಅವರಿಗೆ ಕೊಡುವ ಫೀಯೂ ದಾನದ ಒಂದು ಭಾಗವೆಂದೇ ತಿಳಿಯಿರಿ.

ಸಂಸ್ಥೆಗಳನ್ನು ನಡೆಸುವ ಮಹನೀಯರಿಗೂ ಒಂದು ಬಿನ್ನಹ. ಷರತ್ತು ಹಾಕುವ ದಾನಿಯನ್ನು ಕಿರಿಕಿರಿಯ ಮನುಷ್ಯನೆಂದು ಎಣಿಸಬೇಡಿರಿ. ನಡೆಸಲಾಗದ ಷರತ್ತಿದ್ದರೆ ಶಾಲು ಹೊದಿಸುವ ಮುಂಚೆಯೇ ಆಗದೆಂದು ಹೇಳಿರಿ. ದಾನವನ್ನು ನಿರಾಕರಿಸುವುದರಿಂದ ಸಂಸ್ಥೆಗೆ ಹಾನಿಯಿಲ್ಲ, ದಾನಿಯ ಮಾತು ಕೆಟ್ಟರೆ ಮುಂದಿನ ಹತ್ತು ದಾನಗಳು ಬಾರವು. ಹಳ್ಳಿಯಲ್ಲಿ ಇಂಥ ಸುದ್ದಿ ಪತ್ರಿಕೆಯಲ್ಲಿ ಬರಬೇಕಾಗಿಲ್ಲ, ಸಂತೆಯಲ್ಲಿ ಬಂದರೆ ಸಾಕು.

ಸುಲೇಪೇಟದ ಆ ತಾಯಿಯ ಬಳಿಗೆ ಮತ್ತೆ ಬರೋಣ. ಆಕೆ ಕಲ್ಪನೆಯವಳಾದುದರಿಂದ ಆಕೆಯ ಕಾಗದವನ್ನು ನಾವು ಮತ್ತೊಮ್ಮೆ ಬರೆಯಬಹುದು. ಈ ಸಾರಿ ಹೊಲವನ್ನು ಟ್ರಸ್ಟಿಗೆ ಬರೆಯೋಣ, ಉದ್ದೇಶವನ್ನು ಬಿಡಿಸಿ ಹೇಳೋಣ, ಮೂವರು ವಿಶ್ವಸ್ತರಲ್ಲಿ ಒಬ್ಬಳು ಊರಿನ ಹೆಣ್ಣುಮಗಳಾಗಿರಲಿ. ವರ್ಷಕ್ಕೊಮ್ಮೆ, ತೊಗರಿಯ ರಾಶಿ ಮುಗಿದ ಮೇಲೆ, ಲೆಕ್ಕದ ಕಾಗದ ಆಕೆಯ ಮನೆಗೆ ಬರಲಿ. ಓದಲು ಬಾರದಿದ್ದರೆ ವಸತಿಗೃಹದ ಹುಡುಗಿಯೊಬ್ಬಳು ಬಂದು ಓದಿ ಹೇಳಲಿ. ಆಕಳ ಹಲ್ಲು ಎಣಿಸುವುದು ಬೇಡ. ಅದಕ್ಕೆ ಮೇವು ಬಿದ್ದಿದೆಯೋ ಇಲ್ಲವೋ ಎಂಬುದನ್ನು ಆ ತಾಯಿ ತಿಳಿದುಕೊಂಡರೆ ಸಾಕು.